ಲೂನಾಗೆ ಬೇಕಿರುವುದು ಕೆಲಸ

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಒಂಬತ್ತು ವರ್ಷದ ಮಗನ ಹಠಕ್ಕೆ ಹೋದ ವರ್ಷ ಸೈಬೀರಿಯನ್ ಹಸ್ಕಿ ಮರಿ ತಂದೆವು. ಈಗ ಲೂನಾಗೆ 14 ತಿಂಗಳು. ತುಂಬಾ ಪ್ರೀತಿಯ ನಾಯಿ, ಆದರೆ ಸುಧಾರಿಸುವುದು ಕಷ್ಟವಾಗಿದೆ. ಸೋಫಾ ಹರಿದಿದ್ದಾಳೆ, ಹಿತ್ತಲೆಲ್ಲ ಅಗೆದಿದ್ದಾಳೆ, ಎರಡು ಸಲ ಕಾಂಪೌಂಡ್ ಹಾರಿ ಓಡಿದ್ದಾಳೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಊಳಿಡುತ್ತಾಳೆಂದು ಪಕ್ಕದ ಮನೆಯವರ ದೂರು. ಊಟವೂ ಕಡಿಮೆ. ಅನ್ನ ಮೊಸರು, ರಾಗಿ ಗಂಜಿ ಹಾಕುತ್ತೇವೆ, ಜೊತೆಗೆ ಕ್ಯಾಲ್ಸಿಯಂ ಸಿರಪ್. ಈಚೆಗೆ ಕಣ್ಣಿನ ಸುತ್ತ ಹಕ್ಕಳೆ ಕಟ್ಟಿದೆ. ಬೇಸಿಗೆಗೆ ಮುಂಚೆ ಮೈ ಬೋಳಿಸಿಬಿಡಿ ಎಂದು ಗ್ರೂಮಿಂಗ್‌ನವರು ಹೇಳುತ್ತಿದ್ದಾರೆ. ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ ಅತ್ತೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ನೀವು ಕೊನೆಯಲ್ಲಿ ಬರೆದ ಎರಡು ವಿಷಯಗಳನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ. ಅವು ಕಾಯುವಂಥವಲ್ಲ. ಒಂದು, ಲೂನಾಳ ಮೈ ಬೋಳಿಸಬೇಡಿ. ಎರಡು, ಕಣ್ಣಿನ ಸುತ್ತಲ ಹಕ್ಕಳೆಯನ್ನು ಈ ವಾರವೇ ನಿಮ್ಮ ವೆಟರ್ನರಿ ಡಾಕ್ಟರಿಗೆ ತೋರಿಸಿ.

ಬೋಳಿಸಿದರೆ ತಂಪಾಗುತ್ತದೆ ಎಂದು ಅನ್ನಿಸುವುದು ಸಹಜ. ಹೊದ್ದ ಕಂಬಳಿ ತೆಗೆದ ಹಾಗೆ, ಅಲ್ವಾ? ಆದರೆ ಹಸ್ಕಿಯ ಕೂದಲು ಕಂಬಳಿಯಂತಲ್ಲ. ಲೂನಾಳ ಬೆನ್ನ ಮೇಲೆ ಕೈಯಿಟ್ಟು ಕೂದಲನ್ನು ಎದುರು ದಿಕ್ಕಿಗೆ ಸರಿಸಿ ನೋಡಿ. ಮೇಲೆ ನೀಳವಾದ, ಸ್ವಲ್ಪ ಒರಟು ಕೂದಲಿದೆ. ಬುಡದಲ್ಲಿ ಅರಳೆಯಂಥ ಮೆತ್ತನೆ ಕೂದಲಿದೆ. ಮೇಲಿನದು ಬಿಸಿಲು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಒಳಗಿನದು ಚಳಿಗೆಂದು ಇರುವುದು, ಸೆಕೆ ಶುರುವಾಗುವ ಹೊತ್ತಿಗೆ ಅದು ತಾನಾಗಿಯೇ ಉದುರುತ್ತದೆ. ಉದುರಿದ ಒಳಗೂದಲು ಅಲ್ಲೇ ಸಿಕ್ಕಿಕೊಂಡು ಗಂಟಾದರೆ ಗಾಳಿಯಾಡುವುದಿಲ್ಲ, ಆಗ ನಾಯಿಗೆ ಸೆಕೆ ಜಾಸ್ತಿಯಾಗುತ್ತದೆ. ಹಾಗಾಗಿ ನಾವು ಮಾಡಬೇಕಾದ್ದು ಬಾಚುವುದು. ಮೆಷಿನ್ ಹಾಕಿ ಬುಡಕ್ಕೆ ಕತ್ತರಿಸಿದರೆ ಎರಡು ಪದರವೂ ಹೋಗಿ ಚರ್ಮ ಬಿಸಿಲಿಗೆ ಸುಡುತ್ತದೆ. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಹಸ್ಕಿಯಂಥ ಹಿಮನಾಡಿನ ನಾಯಿಗಳಲ್ಲಿ ಬೋಳಿಸಿದ ಕೂದಲು ಕೆಲವೊಮ್ಮೆ ತಿಂಗಳುಗಟ್ಟಲೆ ವಾಪಸ್ ಬರುವುದೇ ಇಲ್ಲ. ಬಂದರೂ ತೇಪೆ ತೇಪೆಯಾಗಿ ಬರುತ್ತದೆ.

ಅಂಡರ್‌ಕೋಟ್ ರೇಕ್ ಎಂಬ ಉದ್ದ ಹಲ್ಲಿನ ಬಾಚಣಿಗೆ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಅದೊಂದನ್ನು ತಂದಿಟ್ಟುಕೊಳ್ಳಿ. ಮಾಮೂಲಿ ದಿನಗಳಲ್ಲಿ ವಾರಕ್ಕೆರಡು ಸಲ, ಕೂದಲು ಉದುರುವ ವಾರಗಳಲ್ಲಿ ದಿನಾ ಬಾಚಿ. ಹೋದ ಮಾರ್ಚ್‌ನಲ್ಲಿ ಕ್ಲಿನಿಕ್ಕಿನ ಹಿಂದಿನ ಜಗಲಿಯಲ್ಲಿ ಕೂತು ಒಂದು ಗಂಡು ಹಸ್ಕಿಗೆ ನಾನೇ ಬಾಚಿದೆ. ಹಿಂದೊಡೆಯಿಂದ ಶುರುಮಾಡಿ ಕತ್ತಿನವರೆಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಸ್ನಾನದ ಬಕೆಟ್ ತುಂಬಿ ಮೇಲೆ ಗೋಪುರದಂತೆ ನಿಂತಿತು ಕೂದಲು. ನಾಯಿ ಅರ್ಧದಲ್ಲೇ ನಿದ್ದೆ ಹೋಗಿತ್ತು. ಬೋಳಿಸಲೆಂದೇ ಅದನ್ನು ಕರೆತಂದಿದ್ದ ಮನೆಯವರು ಅದರ ಮೈ ಮುಟ್ಟಿ ನೋಡಿ, ಬೇರೆ ಮಾತಾಡದೆ ಬಾಚಣಿಗೆ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೋದರು. ಸ್ನಾನ ಆರೆಂಟು ವಾರಕ್ಕೊಮ್ಮೆ ಸಾಕು. ಆದರೆ ಬುಡದವರೆಗೆ ಒಣಗಿಸಬೇಕು. ಮಳೆಗಾಲದಲ್ಲಿ ಒಳಗೂದಲು ಒದ್ದೆಯಾಗೇ ಉಳಿದು ಚರ್ಮ ಕೊಳೆತು ಬರುವ ಹಸ್ಕಿಗಳನ್ನು ಪ್ರತಿ ವರ್ಷ ನೋಡುತ್ತೇನೆ. ಬಾಚುವಾಗಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಇದೆಯಾ ನೋಡಿಬಿಡಿ. ನಮ್ಮ ಕಡೆ ಉಣ್ಣೆ ಜ್ವರಕ್ಕೆ ಹೋಗುವ ನಾಯಿಗಳು ಕಡಿಮೆಯಲ್ಲ. ಇಷ್ಟು ದಟ್ಟ ಕೂದಲಲ್ಲಿ ಉಣ್ಣೆ ಇರುವುದು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ಇನ್ನು ಹಕ್ಕಳೆ. ಫೋಟೊ ನೋಡದೆ ಇದೇ ಕಾಯಿಲೆ ಎಂದು ಹೇಳುವುದು ತಪ್ಪಾಗುತ್ತದೆ. ಕಜ್ಜಿ ಇರಬಹುದು, ಫಂಗಸ್ ಇರಬಹುದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವೆರಡರ ಸುಳಿವೂ ಸಿಗಬಹುದು. ಆದರೆ ಹಸ್ಕಿ, ಲೂನಾಳ ವಯಸ್ಸು, ಕಣ್ಣಿನ ಸುತ್ತ ಹಕ್ಕಳೆ, ರಾಗಿ ಗಂಜಿ, ಕ್ಯಾಲ್ಸಿಯಂ ಸಿರಪ್ ಇಷ್ಟನ್ನೂ ಒಟ್ಟಿಗೆ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಸತುವಿನ ಕೊರತೆ, ಅಂದರೆ ಝಿಂಕ್. ಹಸ್ಕಿ ಮತ್ತು ಅಲಾಸ್ಕನ್ ಮ್ಯಾಲಮ್ಯೂಟ್ ತಳಿಗಳಲ್ಲಿ ಕೆಲವು ನಾಯಿಗಳ ಕರುಳು ಹುಟ್ಟಿನಿಂದಲೇ ಸತುವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಣ್ಣು, ಬಾಯಿ, ಕಿವಿಯ ಸುತ್ತ ಹಕ್ಕಳೆ ಕಟ್ಟುತ್ತದೆ, ಪಾದದ ಮೆತ್ತೆ ಬಿರುಕು ಬಿಡುತ್ತದೆ. ರಾಗಿಯಂಥ ಧಾನ್ಯಗಳಲ್ಲಿ ಇರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾದರೂ ಸತು ಒಳಗೆ ಹೋಗುವುದಕ್ಕೆ ಅಡ್ಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಅದರ ಮೇಲೆ ನೀವು ಸಿರಪ್ಪನ್ನೂ ಕೊಡುತ್ತಿದ್ದೀರಿ. ಸಿರಪ್ ಇವತ್ತೇ ನಿಲ್ಲಿಸಿ. ಮೂಳೆ ಗಟ್ಟಿಯಾಗಲಿ ಎಂದು ಮರಿಗಳಿಗೆಲ್ಲ ಕ್ಯಾಲ್ಸಿಯಂ ಕುಡಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಸರಿಯಾದ ಡಾಗ್ ಫುಡ್ ತಿನ್ನುವ ನಾಯಿಗೆ ಅದು ಬೇಕಾಗಿಲ್ಲ. ಹಾಗೆಂದು ಝಿಂಕ್ ಮಾತ್ರೆಯನ್ನು ನೀವೇ ತಂದು ಹಾಕಬೇಡಿ. ಜಾಸ್ತಿಯಾದರೆ ಅದು ವಿಷ. ತೂಕ ನೋಡಿ ಡಾಕ್ಟರೇ ಲೆಕ್ಕ ಹಾಕಿ ಕೊಡಬೇಕು.

ಊಟ ಕಡಿಮೆ ಎಂದಿರಿ. ಹಸ್ಕಿ ನಿಜಕ್ಕೂ ಕಡಿಮೆ ತಿನ್ನುವ ನಾಯಿ. ಹೆಣ್ಣು ಹಸ್ಕಿ 16ರಿಂದ 23 ಕೆ.ಜಿ. ತೂಗಿದರೆ ಸಾಕು, ಲ್ಯಾಬ್ರಡಾರ್ ಥರ ದಪ್ಪಗಾಗಬೇಕಿಲ್ಲ. 18 ಕೆ.ಜಿ.ಯ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 900ರಿಂದ 1000 ಕ್ಯಾಲೊರಿ ಸಾಕು. ಇದೇ ಬಗೆಯ ನಾಯಿಗಳು ಅಲಾಸ್ಕಾದ ಇಡಿಟರೋಡ್ ಓಟದಲ್ಲಿ ಸಾವಿರ ಮೈಲಿಯಷ್ಟು ದೂರ ಜಾರುಬಂಡಿ ಎಳೆಯುವಾಗ ದಿನಕ್ಕೆ 10,000 ಕ್ಯಾಲೊರಿ ತಿನ್ನುತ್ತವೆ. ಅಂದರೆ ಕೆಲಸ ನೋಡಿಕೊಂಡು ತಿನ್ನುವ ಮೈ ಅದು. ಪಕ್ಕೆಯ ಮೇಲೆ ಬೆರಳಾಡಿಸಿ. ಎಲುಬು ಕಣ್ಣಿಗೆ ಕಾಣದೆ ಕೈಗೆ ಸಿಕ್ಕರೆ ತೂಕ ಸರಿ ಇದೆ. ತಟ್ಟೆ ಇಟ್ಟು 20 ನಿಮಿಷ ಬಿಡಿ, ತಿನ್ನದಿದ್ದರೆ ಎತ್ತಿಡಿ, ಹಿಂದೆ ಹಿಂದೆ ಹೋಗಿ ತಿನ್ನಿಸಬೇಡಿ. ಅನ್ನ ಮೊಸರನ್ನೇ ಅವಳ ಊಟವಾಗಿಸಬೇಡಿ, ಅದು ಊಟದ ಮೂಲೆಯಲ್ಲಿ ಒಂದು ತುತ್ತಾಗಿರಲಿ. ಒಳ್ಳೆಯ ಡಾಗ್ ಫುಡ್ ಮುಖ್ಯವಾಗಲಿ, ಮೇಲೆ ಬೇಯಿಸಿದ ಚಿಕನ್ ಅಥವಾ ಮೊಟ್ಟೆ. ಮನೆಯಲ್ಲಿ ಮಾಂಸ ಬೇಯಿಸುವ ಪದ್ಧತಿ ಇಲ್ಲದಿದ್ದರೆ ಡಾಗ್ ಫುಡ್ ಒಂದೇ ಸಾಕು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬಾಯಿಗೆ ಬೀಳದಂತೆ ಮಗನಿಗೆ ಹೇಳಿಕೊಡಿ.

ಈಗ ಸೋಫಾ, ಹಿತ್ತಲು, ಕಾಂಪೌಂಡ್, ಊಳು. ನೀವು ನಾಲ್ಕು ತೊಂದರೆ ಬರೆದಿದ್ದೀರಿ. ನನಗೆ ಕಾಣುವುದು ಒಂದೇ. ಲೂನಾಗೆ ಕೆಲಸವಿಲ್ಲ.

ಈ ತಳಿ ಎಲ್ಲಿಂದ ಬಂತು ನೋಡಿ. ಸೈಬೀರಿಯಾದ ಈಶಾನ್ಯ ತುದಿಯಲ್ಲಿ ಚುಕ್ಚಿ ಎಂಬ ಜನ ಇದ್ದಾರೆ. ಹಿಮದ ಮೇಲೆ ಹಗುರ ಹೊರೆಯನ್ನು ಬಲು ದೂರ ಎಳೆಯಲು ಅವರು ತಲೆಮಾರುಗಟ್ಟಲೆ ಸಾಕಿ ಬೆಳೆಸಿದ ನಾಯಿ ಇದು. 1908-09ರ ಹೊತ್ತಿಗೆ ಅಲಾಸ್ಕಾದ ನೋಮ್ ಎಂಬ ಊರಿಗೆ ಬಂತು. 1925ರ ಚಳಿಗಾಲದಲ್ಲಿ ಆ ಊರಲ್ಲಿ ಡಿಫ್ತೀರಿಯಾ, ನಾವು ಗಂಟಲಮಾರಿ ಅನ್ನುತ್ತೇವಲ್ಲ, ಅದು ಹಬ್ಬಿತು. ಔಷಧಿ ಇದ್ದದ್ದು ದೂರದಲ್ಲಿ. 674 ಮೈಲಿ ಹಿಮದ ದಾರಿಯನ್ನು 20 ಜನ, ಸುಮಾರು 150 ನಾಯಿಗಳು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಮುಗಿಸಿ ಔಷಧಿ ಮುಟ್ಟಿಸಿದರು. ಅದರಲ್ಲಿ ಎಲ್ಲರಿಗಿಂತ ಉದ್ದದ, ಅಪಾಯದ ದಾರಿಯನ್ನು ಕ್ರಮಿಸಿದ್ದು ಲಿಯೊನಾರ್ಡ್ ಸೆಪ್ಪಾಲ ಮತ್ತು ಅವರ ಮುಂದಾಳು ನಾಯಿ ಟೋಗೊ.

ಈ ಟೋಗೊನ ಮರಿಗಾಲದ ಕತೆಯನ್ನು ನಿಮ್ಮ ಅತ್ತೆಯವರಿಗೂ ಹೇಳಿ. ಹುಟ್ಟಿದಾಗ ಸಣ್ಣದು, ಕಾಯಿಲೆಯದು, ಬಂಡಿಗೆ ಆಗುವುದಿಲ್ಲ ಎಂದು ಸೆಪ್ಪಾಲ ಅದನ್ನು ಒಬ್ಬರ ಮನೆಗೆ ಸಾಕಲು ಕೊಟ್ಟುಬಿಟ್ಟಿದ್ದರು. ಅದು ಕಿಟಕಿಯ ಗಾಜು ಒಡೆದುಕೊಂಡು ಹಾರಿ, ಮೈಲಿಗಟ್ಟಲೆ ಓಡಿ ವಾಪಸ್ ಬಂತು. ಬಂದ ಮೇಲೂ ಸುಮ್ನೆ ಇರಲಿಲ್ಲ, ಬಂಡಿ ಎಳೆಯುವ ನಾಯಿಗಳ ಮೇಲೆ ಬಿದ್ದು ಕಾಟ ಕೊಡುತ್ತಿತ್ತು. ಹತೋಟಿಗೆ ತರಲು ಬೇರೆ ದಾರಿ ಕಾಣದೆ ಸೆಪ್ಪಾಲ ಅದಕ್ಕೂ ಹಾರ್ನೆಸ್, ಅಂದರೆ ಬಂಡಿ ಎಳೆಯುವ ಎದೆಪಟ್ಟಿ, ಹಾಕಿದರು. ಹಾಕಿದ್ದೇ ತಡ, ನಾಯಿ ಶಾಂತವಾಯಿತು. ಅವತ್ತು ಸಂಜೆಯ ಹೊತ್ತಿಗೆ ಸಾಲಿನ ಮುಂದೆ ಓಡುತ್ತಿತ್ತು. ಸೋಫಾ ಹರಿಯುವ ಹಸ್ಕಿಯನ್ನು ಯಾರಾದರೂ ಕರೆತಂದಾಗಲೆಲ್ಲ ನನಗೆ ಆ ಗಾಜಿನ ಕಿಟಕಿ ನೆನಪಾಗುತ್ತದೆ.

ಮೈಸೂರಿನಲ್ಲಿ ಹಿಮ ಎಲ್ಲಿಂದ ತರುವುದು? ಬೇಕಾಗಿಲ್ಲ. ದಿನಕ್ಕೆ ಎರಡು ಗಂಟೆ ಬೇಕು, ಅದೂ ತಂಪು ಹೊತ್ತಿನಲ್ಲಿ. ಬೆಳಗ್ಗೆ ಐದೂವರೆಗೆ ಹೊರಟು ಏಳರೊಳಗೆ ಮನೆ ಸೇರಿ. ರಾತ್ರಿ ಎಂಟರ ಮೇಲೆ ಇನ್ನೊಂದು ಸುತ್ತು. ಚಾಮುಂಡಿ ಬೆಟ್ಟದ ತಪ್ಪಲು, ಊರಾಚೆಯ ಲೇಔಟುಗಳ ಕಡೆ ಕತ್ತಲಲ್ಲಿ ಹೋಗಬೇಡಿ. ಅಲ್ಲೆಲ್ಲ ಚಿರತೆ ಓಡಾಟ ಇದೆ, ನಾಯಿಯೇ ಅದಕ್ಕೆ ಸುಲಭದ ಬೇಟೆ. ಬರೀ ನಡೆದರೆ ಲೂನಾಗೆ ಸಾಲುವುದಿಲ್ಲ. ಕತ್ತಿನ ಬೆಲ್ಟ್ ಬಿಟ್ಟು ಎದೆಗೆ ಕೂರುವ ಹಾರ್ನೆಸ್ ಹಾಕಿ. ಹತ್ತು ನಿಮಿಷ ಅವಳು ಎಳೆಯಲಿ, ನೀವು ಹಿಂದೆ ಓಡಿ. ಎಳೆಯುವುದಕ್ಕೆ ಒಂದು ಮಾತು, ನಿಲ್ಲುವುದಕ್ಕೆ ಒಂದು ಮಾತು, ಪಕ್ಕದಲ್ಲಿ ನಡೆಯುವುದಕ್ಕೆ ಒಂದು ಮಾತು ಗೊತ್ತುಮಾಡಿಕೊಳ್ಳಿ. ಎಳೆಯಬೇಡ ಎಂದು ಹಸ್ಕಿಗೆ ಹೇಳುವುದು ಎತ್ತಿಗೆ ನೊಗ ಹೊರಬೇಡ ಎಂದಷ್ಟೇ ಕಷ್ಟ. ಯಾವಾಗ ಎಳೆಯಬೇಕು ಎಂದು ಕಲಿಸಿದರೆ ಉಳಿದ ಹೊತ್ತು ಅವಳು ನಿಮ್ಮ ಮಾತು ಕೇಳುತ್ತಾಳೆ. ಒಂದೂವರೆ ವರ್ಷ ತುಂಬುವವರೆಗೆ ಭಾರ ಎಳೆಸುವುದು, ಸೈಕಲ್ ಜೊತೆ ಓಡಿಸುವುದು ಬೇಡ, ಮೂಳೆ ಸಂದು ಇನ್ನೂ ಬಲಿಯಬೇಕು. ಆಮೇಲೂ ನಮ್ಮ ರಸ್ತೆಗಳಲ್ಲಿ ಸೈಕಲ್ಲಿಗೆ ನಾಯಿ ಕಟ್ಟುವುದಕ್ಕೆ ನಾನು ಒಪ್ಪುವುದಿಲ್ಲ.

ಮೂಗಿಗೂ ಕೆಲಸ ಕೊಡಿ. ನೀವು ಆಫೀಸಿಗೆ ಹೊರಡುವ ಮುಂಚೆ ಅವಳ ತಿಂಡಿಯ ಅರ್ಧವನ್ನು ಮನೆಯೊಳಗೆ ಹತ್ತು ಕಡೆ ಬಚ್ಚಿಡಿ. ಹಳೆಯ ಟವೆಲ್ಲಿನಲ್ಲಿ ಸುತ್ತಿ, ಕುರ್ಚಿ ಕೆಳಗೆ, ಬಾಗಿಲ ಹಿಂದೆ. ಉಳಿದದ್ದಕ್ಕೆ ಸ್ವಲ್ಪ ಮೊಸರು ಕಲೆಸಿ, ಒಳಗೆ ತುಂಬುವಂಥ ರಬ್ಬರ್ ಆಟಿಕೆಗೆ ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ನೆಕ್ಕಿ ನೆಕ್ಕಿ ಖಾಲಿ ಮಾಡುವುದರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಬಚ್ಚಿಡುವ ಕೆಲಸ ಮಗನದಾಗಲಿ, ಅವನಿಗೂ ಖುಷಿ. ಹಿತ್ತಲು ಅಗೆಯುವುದನ್ನು ಪೂರ್ತಿ ನಿಲ್ಲಿಸಲಾಗುವುದಿಲ್ಲ. ನೆರಳಿರುವ ಒಂದು ಮೂಲೆಗೆ ಮರಳು ಹಾಕಿಸಿ, ಅದರೊಳಗೆ ಆಟಿಕೆ ಹೂತಿಟ್ಟು, ಇಲ್ಲಿ ಅಗೆಯಬಹುದು ಎಂದು ತೋರಿಸಿಕೊಡಿ.

ಊಳಿನ ಬಗ್ಗೆ ಹೇಳುವುದಾದರೆ, ಹಸ್ಕಿ ಬೊಗಳುವುದು ಕಡಿಮೆ, ಊಳಿಡುವುದು ಜಾಸ್ತಿ. ಅದು ಅದರ ಮಾತು. ಆದರೆ ನೀವು ಹೋದ ಮೇಲೆ ಮಾತ್ರ ಊಳಿಡುವುದು ಒಂಟಿತನ. ಇದು ಗುಂಪಿನಲ್ಲಿ ಬೆಳೆದ ತಳಿ. ಎಂಟು ಗಂಟೆ ಒಂಟಿಯಾಗಿರುವುದು ಅದಕ್ಕೆ ಶಿಕ್ಷೆ. ಅತ್ತೆ ಮಧ್ಯಾಹ್ನ ಮನೆಯಲ್ಲಿರುತ್ತಾರಾ? ಇದ್ದರೆ ಲೂನಾಳನ್ನು ಹಿತ್ತಲಲ್ಲಿ ಕಟ್ಟದೆ ಅವರು ಕೂರುವ ಕೋಣೆಯಲ್ಲೇ ಮಲಗಲು ಬಿಡಿ. ಅತ್ತೆ ಅವಳನ್ನು ಮುದ್ದು ಮಾಡಬೇಕಿಲ್ಲ, ಕಣ್ಣಿಗೆ ಕಾಣುವಂತೆ ಇದ್ದರೆ ಸಾಕು. ಯಾರೂ ಇರುವುದಿಲ್ಲವೆಂದರೆ ಮಧ್ಯಾಹ್ನ ಒಂದು ಗಂಟೆ ಯಾರಾದರೂ ಬಂದು ಹೋಗುವ ಏರ್ಪಾಡು ಮಾಡಿ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ವಿಷಯ. ಬಿಸಿಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ನಾಲಗೆ ಮತ್ತು ಬಾಯಿಯ ತೇವ ಆರಿಸಿಯೇ ಮೈ ತಂಪು ಮಾಡಿಕೊಳ್ಳಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದೂ ನಡೆಯುವುದಿಲ್ಲ. ಅದಕ್ಕೇ ಮಂಗಳೂರು, ಉಡುಪಿ ಕಡೆಯವರು ಹಸ್ಕಿ ತರಲಾ ಎಂದು ಕೇಳಿದರೆ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಮೈಸೂರು ಅಷ್ಟು ಕಷ್ಟವಲ್ಲ, ಆದರೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಹೊತ್ತು ಲೂನಾ ಹೊರಗಿರಲೇ ಕೂಡದು. ಟೆರೇಸ್ ಅಂತೂ ಬೇಡವೇ ಬೇಡ. ನಿಂತ ಕಾರೊಳಗೆ ಐದು ನಿಮಿಷವೂ ಬೇಡ. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ, ಫ್ಯಾನು, ಎದುರುಬದುರು ಕಿಟಕಿ ಇದ್ದರೆ ವರ್ಷದ ಬಹುಪಾಲು ಸಾಗುತ್ತದೆ. ಏಪ್ರಿಲ್ ಮಧ್ಯಾಹ್ನಗಳಿಗೆ ಒಂದು ಕೋಣೆಯಲ್ಲಿ ಎಸಿ ಇರಲೇಬೇಕು. ಸಂಜೆ ಹೊರಡುವ ಮುಂಚೆ ನಿಮ್ಮ ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳೆಂಟು ಸೆಕೆಂಡ್ ಇಟ್ಟು ನೋಡಿ. ನಿಮಗೆ ಸುಟ್ಟರೆ ಅವಳ ಪಾದಕ್ಕೂ ಸುಡುತ್ತದೆ.

ನಾಯಿಯ ಮಾಮೂಲಿ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಜೀವಕ್ಕೆ ಅಪಾಯ. ನಾಲಗೆ ಅಗಲವಾಗಿ ಕಡುಗೆಂಪಾಗುವುದು, ಅಂಟಂಟು ಜೊಲ್ಲು, ಹೆಜ್ಜೆ ತಪ್ಪುವುದು, ವಾಂತಿ, ಇವು ಕಂಡ ಕ್ಷಣವೇ ನೀರು ಹಾಕಲು ಶುರುಮಾಡಿ. ನಲ್ಲಿ ನೀರೇ ಸಾಕು. ಹಸ್ಕಿಯ ಬೆನ್ನ ಮೇಲೆ ನೀರು ಸುರಿದರೆ ಜಾರಿ ಹೋಗುತ್ತದೆ, ಚರ್ಮ ಒಣಗೇ ಇರುತ್ತದೆ. ಹೊಟ್ಟೆ, ತೊಡೆ ಸಂದು, ಕಂಕುಳು, ಪಾದ ನೆನೆಸಿ, ಕೂದಲು ಬಿಡಿಸಿ ಬೆರಳಿಂದ ನೀರು ಬುಡಕ್ಕೆ ಇಳಿಸಿ, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ ಡಾಕ್ಟರ ಬಳಿ ಹೊರಡಿ. ಎದ್ದು ಓಡಾಡುತ್ತಿದ್ದರೂ ಹೋಗಲೇಬೇಕು. ಕಿಡ್ನಿಯ ತೊಂದರೆ, ರಕ್ತ ಹೆಪ್ಪುಗಟ್ಟದ ತೊಂದರೆ ಒಂದೆರಡು ದಿನ ಕಳೆದು ತಲೆಯೆತ್ತುತ್ತವೆ. ಹಾಗೆ ಮೂರನೇ ದಿನ ನನ್ನ ಟೇಬಲ್ಲಿಗೆ ಬಂದ ಎರಡು ವರ್ಷದ ಹಸ್ಕಿಯೊಂದನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಸಂಜೆ ನಾಲ್ಕಕ್ಕೆ ಒಂದು ಸುತ್ತು ವಾಕಿಂಗ್ ಹೋಗಿತ್ತು, ಅಷ್ಟೇ.

ಕಾಂಪೌಂಡ್ ಗೋಡೆ ಆರಡಿ ಆಗಬೇಕು. ಬುಡದಲ್ಲಿ ಚಪ್ಪಡಿ ಕಲ್ಲು ಹಾಸಿದರೆ ಕೆಳಗಿಂದ ಅಗೆದು ಹೋಗುವುದೂ ತಪ್ಪುತ್ತದೆ. ಗೋಡೆ ಪಕ್ಕ ತೊಟ್ಟಿ, ಕಟ್ಟೆ ಏನೂ ಇರದಿರಲಿ, ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾಳೆ. ಚರ್ಮದಡಿ ಕೂರುವ ಗುರುತಿನ ಮೈಕ್ರೋಚಿಪ್ ಹಾಕಿಸಿ, ಬೆಲ್ಟಿಗೆ ಫೋನ್ ನಂಬರಿನ ಬಿಲ್ಲೆ ಕಟ್ಟಿ. ಬಯಲಲ್ಲಿ ಎಷ್ಟೇ ನಂಬಿಕೆ ಬಂದರೂ ಲೀಶ್ ಬಿಚ್ಚಬೇಡಿ. ಬೆಕ್ಕೋ ಕೋಳಿಯೋ ಕಣ್ಣಿಗೆ ಬಿದ್ದರೆ ಹಸ್ಕಿಯ ಕಿವಿಗೆ ನಿಮ್ಮ ದನಿ ಕೇಳಿಸುವುದಿಲ್ಲ. ಮತ್ತೆ ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಅವಳಿಗೆ ಅದು ಆಟ. ಅವಳ ಹೆಸರು ಕೂಗಿ ನೀವು ಎದುರು ದಿಕ್ಕಿಗೆ ಓಡಿ, ಇಲ್ಲವೇ ಕಾರಿನ ಬಾಗಿಲು ತೆರೆದು ಕರೆಯಿರಿ. ಬಹಳ ಸಲ ಬಂದುಬಿಡುತ್ತವೆ. ತಪ್ಪಿಸಿಕೊಂಡದ್ದು ಬೆದೆಯ ದಿನಗಳಲ್ಲಾ ಎಂದು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ. ಸಂತಾನಹರಣ ಚಿಕಿತ್ಸೆ ಯಾವಾಗ ಎಂಬುದನ್ನೂ ಅವರೊಡನೆ ಗೊತ್ತುಮಾಡಿಕೊಳ್ಳಿ.

ಇನ್ನು ಅತ್ತೆಯವರ ಮಾತು. ಅವರು ಕಠಿಣವಾಗಿ ಹೇಳಿಲ್ಲ, ನಾಯಿಯ ಪಾಡು ನೋಡಲಾರದೆ ಹೇಳಿರಬಹುದು. ನೀವು ಮರಿ ತರುವ ಮುಂಚೆ ನನ್ನನ್ನು ಕೇಳಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಆದರೆ ಲೂನಾ ಈಗ ಮನೆಯಲ್ಲಿದ್ದಾಳೆ, ನಿಮ್ಮ ಮಗನ ಕಾಲ ಬಳಿ ಮಲಗುತ್ತಾಳೆ. ಹಾಗಾಗಿ ಈಗ ಕೇಳಿಕೊಳ್ಳಬೇಕಾದ್ದು ಬೇರೆ. ಬೆಳಗ್ಗೆ ಐದೂವರೆಗೆ ಏಳುವವರು ಯಾರು? ಒಂಬತ್ತು ವರ್ಷದ ಹುಡುಗನ ಕೈಲಿ 18 ಕೆ.ಜಿ.ಯ ಹಸ್ಕಿಯ ಲೀಶ್ ಕೊಡಲಾಗುವುದಿಲ್ಲ, ಅವನನ್ನೂ ಎಳೆದುಕೊಂಡು ಹೋಗುತ್ತಾಳೆ. ನಿಮ್ಮಿಬ್ಬರಲ್ಲಿ ಒಬ್ಬರು ಪ್ರತಿದಿನ, ಮಳೆ ಬಂದರೂ ನೆಂಟರು ಬಂದರೂ, ಮುಂದಿನ ಹನ್ನೆರಡು ವರ್ಷ ಏಳಬಲ್ಲಿರಾದರೆ ಅವಳನ್ನು ಇಟ್ಟುಕೊಳ್ಳಿ. ಇವತ್ತಿಂದ ಯುಗಾದಿವರೆಗೆ ಹಾಗೆ ನಡೆಸಿ ನೋಡಿ. ಊಳು ಕಡಿಮೆಯಾದದ್ದನ್ನು ಪಕ್ಕದ ಮನೆಯವರೇ ಬಂದು ಹೇಳುತ್ತಾರೆ.

ಆಗುವುದಿಲ್ಲ ಎಂದು ಈಗಲೇ ಗೊತ್ತಿದ್ದರೆ ಬೇಸಿಗೆ ಏರುವ ಮುಂಚೆಯೇ ಒಳ್ಳೆಯ ಮನೆ ಹುಡುಕಿ. ಚೆಂದದ ಕಣ್ಣು ನೋಡಿ ಮರಿ ಹಾಕಿಸಲು ಕೇಳುವವರಿಗೆ ಕೊಡಬೇಡಿ. ನೀವೇ ಹೋಗಿ ಅವರ ಗೋಡೆ ಎಷ್ಟು ಎತ್ತರವಿದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ, ನಾಯಿ ಮಲಗುವುದು ಎಲ್ಲಿ ಎಂದು ಕಣ್ಣಾರೆ ನೋಡಿ ಬನ್ನಿ. ಲಸಿಕೆಯ ಪುಸ್ತಕ, ಚರ್ಮದ ಚಿಕಿತ್ಸೆಯ ಚೀಟಿ, ಬಾಚಣಿಗೆ, ಹಾರ್ನೆಸ್ ಕೊಡಿ. ಅವಳು ಈಗ ಮಲಗುವ ಬಟ್ಟೆಯನ್ನು ಒಗೆಯದೆ ಹಾಗೇ ಜೊತೆಗೆ ಕಳಿಸಿ. ಮೊದಲ ಕೆಲವು ರಾತ್ರಿ ಅದರ ವಾಸನೆ ಅವಳಿಗೆ ಬೇಕಾಗುತ್ತದೆ.